ಹೈಬ್ರಿಡ್ ಎಸ್‌ಯುವಿ ಡಿಕ್ಕಿಗೆ ಗಟ್ಟಿ ನೆಲ: ಅಳತೆ, ಕೊಯ್ತ, ಜೋಡಣೆ

ಎಸ್‌ಯುವಿ ಡಿಕ್ಕಿಯಲ್ಲಿ ಕಾರ್ಖಾನೆಯಿಂದ ಬರುವ ಹಲಗೆ ಸಾಮಾನ್ಯವಾಗಿ ಒತ್ತಿದ ನಾರಿನದು, ಇಲ್ಲವೇ ಹನಿಕೋಂಬ್ ರಟ್ಟಿನದು. ಮೇಲೊಂದು ತೆಳು ಕಾರ್ಪೆಟ್ ಅಂಟಿಸಿರುತ್ತಾರೆ. ಸೂಟ್‌ಕೇಸಿಗೆ ಅಷ್ಟು ಸಾಕು. ಟೂಲ್‌ಬಾಕ್ಸು, 20 ಲೀಟರಿನ ನೀರಿನ ಕ್ಯಾನು, ಹತ್ತಿ ಇಳಿಯುವ ದೊಡ್ಡ ನಾಯಿ ಅಂತ ಶುರುವಾದರೆ ಹಲಗೆ ನಡುವೆ ಬಾಗುತ್ತದೆ, ಅಂಚಿನ ಕಾರ್ಪೆಟ್ ಎದ್ದು ಬರುತ್ತದೆ. ಆಗ ಕೆಲವರು ಸಿದ್ಧ ಕಿಟ್ ತರಿಸುತ್ತಾರೆ, ಕೆಲವರು ಪ್ಲೈವುಡ್ ಕೊಯ್ದು ತಾವೇ ಮಾಡಿಕೊಳ್ಳುತ್ತಾರೆ. ಕಿಟ್ ತಂದವರಿಗೆ ಅಳತೆ ಮತ್ತು ಕೊಯ್ತದ ಭಾಗ ಬಿಟ್ಟರೆ ಉಳಿದದ್ದೆಲ್ಲ ಒಂದೇ.

ಇದರಲ್ಲಿ ಹಲಗೆ ಮಾಡುವುದೇ ಸುಲಭದ ಭಾಗ. ಮಾಮೂಲಿ ಪೆಟ್ರೋಲ್ ಗಾಡಿಯ ಡಿಕ್ಕಿಯ ಕೆಳಗೆ ಸ್ಟೆಪ್ನಿ, ಜಾಕು ಇದ್ದರೆ ಮುಗಿಯಿತು. ಇಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್‌ನಲ್ಲಿ ಅದೇ ಜಾಗದಲ್ಲಿ, ಇಲ್ಲವೇ ಅದಕ್ಕೆ ಒತ್ತಿಕೊಂಡಂತೆ, ಹೈವೋಲ್ಟೇಜ್ ಬ್ಯಾಟರಿ, ಅದನ್ನು ತಣಿಸುವ ಗಾಳಿಯ ದಾರಿ, ಅದರ ಕಿತ್ತಳೆ ಬಣ್ಣದ ಕೇಬಲ್, 12 ವೋಲ್ಟ್ ಬ್ಯಾಟರಿ ಇರುತ್ತವೆ. ಕೆಲಸ ಕೆಡುವುದು ಅಲ್ಲಿ.

ಕೆಳಗೆ ಏನಿದೆ?

ಹೈವೋಲ್ಟೇಜ್ ಬ್ಯಾಟರಿಯ ಜಾಗ ಮಾದರಿಯಿಂದ ಮಾದರಿಗೆ ಬೇರೆ. ಹಲವು ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗೆ, ಕೆಲವದರಲ್ಲಿ ಡಿಕ್ಕಿಯ ನೆಲದ ಕೆಳಗೆ, ಪ್ಲಗ್-ಇನ್ ಹೈಬ್ರಿಡ್‌ಗಳಲ್ಲಿ (ಪ್ಲಗ್ ಹಾಕಿ ಚಾರ್ಜ್ ಮಾಡುವಂಥವು) ಹೆಚ್ಚಾಗಿ ಗಾಡಿಯ ನಡುನೆಲದಲ್ಲಿ. ಪ್ಲಗ್-ಇನ್ ಆದರೆ ಚಾರ್ಜರ್ ಘಟಕ ಡಿಕ್ಕಿಯ ಕೆಳಗೆ ಕೂತಿರುವುದೂ ಉಂಟು. ಹಿಂದಿನ ಚಕ್ರಗಳಿಗೆ ಬೇರೆಯೇ ಮೋಟಾರ್ ಇರುವ ಆಲ್-ವೀಲ್ ಡ್ರೈವ್ ಮಾದರಿಯಲ್ಲಂತೂ ಬ್ಯಾಟರಿ ಎಲ್ಲೇ ಇರಲಿ, ಕಿತ್ತಳೆ ಕೇಬಲ್ ಹಿಂದಿನವರೆಗೆ ಬಂದೇ ಇರುತ್ತದೆ. ವಾಹನಗಳಲ್ಲಿ 60 ವೋಲ್ಟ್ ಡಿಸಿ ಮೀರಿದ್ದೆಲ್ಲ ಹೈವೋಲ್ಟೇಜ್ ಲೆಕ್ಕ. ಹೈಬ್ರಿಡ್ ಬ್ಯಾಟರಿ ಅದಕ್ಕಿಂತ ಎಷ್ಟೋ ಮೇಲೆ.

ಇದನ್ನೆಲ್ಲ ಒಂದೇ ನೋಟಕ್ಕೆ ತೋರಿಸುವುದು ರೆಸ್ಕ್ಯೂ ಶೀಟ್. ಅಪಘಾತವಾದಾಗ ಗಾಡಿಯನ್ನು ಕತ್ತರಿಸಬೇಕಾಗುವ ಅಗ್ನಿಶಾಮಕ ಸಿಬ್ಬಂದಿಗೆಂದು ತಯಾರಕರು ಮಾಡುವ ಹಾಳೆ ಅದು. ಐಎಸ್‌ಒ 17840 ಎಂಬ ಮಾನದಂಡದ ಪ್ರಕಾರ ಬ್ಯಾಟರಿ, ಕೇಬಲ್ ಹಾದಿ, ಇಂಧನ ಟ್ಯಾಂಕ್, ಏರ್‌ಬ್ಯಾಗಿನ ಅನಿಲ ಕೊಳವೆ ಎಲ್ಲವನ್ನೂ ಮೇಲಿನಿಂದ ಮತ್ತು ಪಕ್ಕದಿಂದ ಕಂಡಂತೆ ಬಣ್ಣದಲ್ಲಿ ಗುರುತಿಸಿರುತ್ತಾರೆ. ಕಾರುಗಳ ಸುರಕ್ಷತೆ ಪರೀಕ್ಷಿಸುವ ಯೂರೋ ಎನ್‌ಕ್ಯಾಪ್ ಸಂಸ್ಥೆಯ 'ಯೂರೋ ರೆಸ್ಕ್ಯೂ' ಆ್ಯಪ್‌ನಲ್ಲಿ ಬಹಳಷ್ಟು ಮಾದರಿಗಳ ಹಾಳೆ ಉಚಿತವಾಗಿ ಸಿಗುತ್ತದೆ. ನಿಮ್ಮ ಮಾದರಿ, ವರ್ಷ, ಪ್ಲಗ್-ಇನ್ ಹೌದೋ ಅಲ್ಲವೋ ಎಂಬುದನ್ನು ಸರಿಯಾಗಿ ಹೊಂದಿಸಿ ನೋಡಿ. ಒಂದೇ ಹೆಸರಿನ ಎರಡು ಗಾಡಿಗಳ ಹೊಟ್ಟೆಯಲ್ಲಿ ಬೇರೆ ಬೇರೆ ಸರಕಿರುತ್ತದೆ.

ಈಗ ಈ ಕೆಲಸದ ಒಂದೇ ಕಟ್ಟುನಿಟ್ಟಿನ ನಿಯಮ: ಕೆಳಮುಖವಾಗಿ ಡ್ರಿಲ್ ಹಾಕಬಾರದು. ತಗಡಿಗೆ ಸೆಲ್ಫ್-ಟ್ಯಾಪಿಂಗ್ ಸ್ಕ್ರೂ ಬೇಡ, ರಿವೆಟ್ ನಟ್ಟೂ ಬೇಡ. ಕೇಬಲ್ಲೋ ಬ್ಯಾಟರಿ ಪೆಟ್ಟಿಗೆಯೋ ಸಿಗದಿದ್ದರೂ ಆ ತಗಡಿನ ಕೆಳಗೆ ಪೆಟ್ರೋಲ್ ಆವಿ ಹಿಡಿಯುವ ಕ್ಯಾನಿಸ್ಟರ್, ಬ್ರೇಕ್ ಪೈಪು, ಸೈಲೆನ್ಸರ್ ಇರುತ್ತವೆ. ಏನೂ ಸಿಗದೆ ಪಾರಾದರೂ ರಂಧ್ರದ ಅಂಚಿನಿಂದ ತುಕ್ಕು ಶುರುವಾಗುತ್ತದೆ. ಸಾಮಾನು ಕಟ್ಟುವ ಕೊಂಡಿಗಳ ಬೋಲ್ಟು ಕೂತಿರುವ ಕಾರ್ಖಾನೆಯ ರಂಧ್ರಗಳೇ ಎಲ್ಲ ಜೋಡಣೆಗೂ ಸಾಕು. 'ನೆಲಕ್ಕೆ ನಾಲ್ಕು ರಂಧ್ರ ಕೊರೆಯಿರಿ' ಎಂದು ಕೈಪಿಡಿಯಲ್ಲಿ ಬರೆದಿರುವ ಕಿಟ್ ಹೈಬ್ರಿಡ್‌ಗೆಂದು ಮಾಡಿದ್ದಲ್ಲ, ವಾಪಸು ಕಳಿಸಿ.

ಹಲಗೆ ಎತ್ತಿ, ಈ ಐದನ್ನು ಹುಡುಕಿ ಫೋಟೋ ತೆಗೆದಿಟ್ಟುಕೊಳ್ಳಿ: ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ (ಹಿಂದಿನ ಸೀಟಿನ ಬುಡದಲ್ಲೋ ಪಕ್ಕದ ಪ್ಲಾಸ್ಟಿಕ್ ಗೋಡೆಯಲ್ಲೋ ಇರುತ್ತದೆ), ಹೈವೋಲ್ಟೇಜ್ ಸರ್ವಿಸ್ ಪ್ಲಗ್‌ನ (ಬ್ಯಾಟರಿಯ ಸಂಪರ್ಕ ಕಡಿಯಲು ಎಳೆಯುವ ಪ್ಲಗ್) ಮುಚ್ಚಳ, 12 ವೋಲ್ಟ್ ಬ್ಯಾಟರಿ, ಇಂಧನದ ಅಥವಾ ಚಾರ್ಜಿಂಗ್ ಮುಚ್ಚಳವನ್ನು ಕೈಯಿಂದ ಬಿಡಿಸುವ ತುರ್ತು ದಾರ, ಮತ್ತು ಮಕ್ಕಳ ಸೀಟಿನ ಮೇಲ್ಪಟ್ಟಿ ಸಿಕ್ಕಿಸುವ ಕೊಂಡಿ. ಹೊಸ ನೆಲ ಬಂದ ಮೇಲೆ ಈ ಐದೂ ಉಪಕರಣವಿಲ್ಲದೆ ಕೈಗೆ ಎಟುಕಬೇಕು. ಸರ್ವಿಸ್ ಪ್ಲಗ್ ಅನ್ನು ನೀವು ಮುಟ್ಟುವುದಿಲ್ಲ, ಈ ಕೆಲಸಕ್ಕೆ ಅದನ್ನು ತೆಗೆಯುವ ಅಗತ್ಯವೂ ಇಲ್ಲ. ಆದರೆ ತೆಗೆಯಬೇಕಾದವರಿಗೆ ದಾರಿ ಬಿಟ್ಟಿರಬೇಕು.

ಗಾಡಿ ಆಫ್ ಮಾಡುವುದು

ಹೈಬ್ರಿಡ್ ಸದ್ದಿಲ್ಲದೆ ಚಾಲೂ ಇರಬಲ್ಲದು. ಡ್ಯಾಶ್‌ಬೋರ್ಡಿನಲ್ಲಿ 'ರೆಡಿ' ದೀಪ ಆರಿದ್ದನ್ನು ನೋಡಿಯೇ ಕೆಲಸಕ್ಕೆ ಇಳಿಯಿರಿ. ಸ್ಮಾರ್ಟ್ ಕೀ ಜೇಬಿನಲ್ಲಿ ಬೇಡ, ಗಾಡಿಯಿಂದ ನಾಲ್ಕೈದು ಮೀಟರ್ ಆಚೆ ಇಡಿ.

12 ವೋಲ್ಟ್ ಬ್ಯಾಟರಿಯ ಹತ್ತಿರ ಸ್ಪ್ಯಾನರ್ ಆಡಿಸಬೇಕಿಲ್ಲದಿದ್ದರೆ ಅದರ ತಂತಿ ಬಿಚ್ಚಬೇಕಿಲ್ಲ. ಬಿಚ್ಚಲೇಬೇಕಾದರೆ ನೆಗೆಟಿವ್ ಮೊದಲು. ಆಮೇಲೆ ಹಿಂಬಾಗಿಲನ್ನು ಮಾತ್ರ ಮುಚ್ಚಬೇಡಿ. ಅದರ ಚಿಲಕ ವಿದ್ಯುತ್ತಿನದು, ಬ್ಯಾಟರಿ ಒಳಗೇ ಇದೆ, ಬಾಗಿಲು ಬಿದ್ದರೆ ಸೀಟು ಮಡಚಿ ತೆವಳಿಕೊಂಡು ಹೋಗಿ ತೆರೆಯಬೇಕಾಗುತ್ತದೆ.

ತಂತಿ ಬಿಚ್ಚದಿದ್ದರೆ ಇನ್ನೊಂದು ತೊಂದರೆ. ಬಾಗಿಲು ಗಂಟೆಗಟ್ಟಲೆ ತೆರೆದೇ ಇದ್ದರೆ ಒಳದೀಪ ಮತ್ತು ನಿಯಂತ್ರಣ ಘಟಕಗಳು ಎಚ್ಚರವಿದ್ದು 12 ವೋಲ್ಟ್ ಬ್ಯಾಟರಿ ಇಳಿಯುತ್ತದೆ. ಹೈಬ್ರಿಡ್‌ನಲ್ಲಿ ಈ ಬ್ಯಾಟರಿ ಇಂಜಿನ್ ತಿರುಗಿಸಬೇಕಿಲ್ಲವಾದ್ದರಿಂದ ಚಿಕ್ಕದೇ ಇರುತ್ತದೆ, ಬೇಗ ಖಾಲಿಯಾಗುತ್ತದೆ. ಉಪಾಯ: ಸ್ಕ್ರೂಡ್ರೈವರ್ ತುದಿಯಿಂದ ಬಾಗಿಲಿನ ಚಿಲಕದ ಕೊಕ್ಕೆಯನ್ನು ಮುಚ್ಚಿದ ಸ್ಥಿತಿಗೆ ತಿರುಗಿಸಿ. ಬಾಗಿಲು ಹಾಕಿದೆ ಎಂದುಕೊಂಡು ಗಾಡಿ ನಿದ್ದೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಬಾಗಿಲಿನ ಗುಂಡಿ ಒತ್ತಿ ಕೊಕ್ಕೆ ಬಿಡಿಸಿಯೇ ಮುಚ್ಚಿ. ಮರೆತರೆ ಮುಚ್ಚಿದ ಕೊಕ್ಕೆ ಸ್ಟ್ರೈಕರ್ (ಕೊಕ್ಕೆ ಹಿಡಿಯುವ ಕಂಬಿ) ಮೇಲೆ ಬಡಿದು ಎರಡರಲ್ಲೊಂದು ಸೊಟ್ಟಗಾಗುತ್ತದೆ. ಕೊಕ್ಕೆಗೆ ಒಂದು ಬಣ್ಣದ ಟೇಪ್ ಅಂಟಿಸಿಡಿ.

ಗಾಳಿಯ ಜಾಲರಿಗೂ ಹೀಗೇ ಒಂದು ಗುರುತು ಬೇಕು. ಕೆಲಸದ ಹೊತ್ತಿನಲ್ಲಿ ಸ್ಕ್ರೂ, ವಾಷರ್, ಮರದ ಪುಡಿ ಒಳಗೆ ಬೀಳದಂತೆ ಅದನ್ನು ಬಟ್ಟೆಯಿಂದ ಮುಚ್ಚಿ, ಬಟ್ಟೆಯ ಒಂದು ತುದಿಯನ್ನು ಎದ್ದುಕಾಣುವಂತೆ ಹೊರಗೆ ಜೋತುಬಿಡಿ. ಮರೆತುಹೋದ ಬಟ್ಟೆ ಬಿದ್ದ ವಾಷರ್‌ಗಿಂತ ಕೆಟ್ಟದ್ದು.

ಸಾಮಗ್ರಿ

12 ಮಿಮೀ ಬರ್ಚ್ ಅಥವಾ ಮರೈನ್ ಪ್ಲೈ ಒಂದು ಹಾಳೆ (8×4 ಅಡಿಯ ಅರ್ಧ ಹಾಳೆ ಬಹಳಷ್ಟು ಡಿಕ್ಕಿಗಳಿಗೆ ಸಾಕಾಗುತ್ತದೆ, ಅಳೆದು ತನ್ನಿ), ಅದೇ ಪ್ಲೈನ ಪಟ್ಟಿಗಳು ಆಧಾರಕ್ಕೆ, 3 ಮಿಮೀ ದಪ್ಪದ ಉಕ್ಕಿನ ಎಲ್ ಬ್ರಾಕೆಟ್ 4, ಎಂ6 (6 ಮಿಮೀ ವ್ಯಾಸದ) ಟಿ-ನಟ್ಟು (ಮರದೊಳಗೆ ಕೂರುವ ನಟ್ಟು) ಮತ್ತು ಚಪ್ಪಟೆ ತಲೆಯ ಸ್ಕ್ರೂ 8 ಜೊತೆ, ಕ್ಲೋಸ್ಡ್ ಸೆಲ್ ಫೋಮ್ ಟೇಪ್ (ನೀರು ಹೀರದ್ದು, 5 ಮಿಮೀ ದಪ್ಪ, ಸುಮಾರು 6 ಮೀಟರ್), ಫೆಲ್ಟ್ ಟೇಪ್, ಪಿಯು ವಾರ್ನಿಷ್ ಅರ್ಧ ಲೀಟರ್, ದೊಡ್ಡ ರಟ್ಟಿನ ಹಾಳೆ. ಉಪಕರಣ: ಸಣ್ಣ ಹಲ್ಲಿನ ಬ್ಲೇಡಿರುವ ಜಿಗ್‌ಸಾ, ಸಾಕೆಟ್ ಸೆಟ್ಟು, ಟಾರ್ಕ್ ರೆಂಚು (ಬಿಗಿತ ಅಳೆದು ತೋರಿಸುವ ಸ್ಪ್ಯಾನರ್), ಟ್ರಿಮ್ ತೆಗೆಯುವ ಪ್ಲಾಸ್ಟಿಕ್ ಪಟ್ಟಿ, 120 ಮತ್ತು 220 ನಂಬರಿನ ಸ್ಯಾಂಡ್ ಪೇಪರ್.

ಫೋಮ್ ಕೊಳ್ಳುವಾಗ ಹಿಚುಕಿ ನೋಡಿ. ಸ್ಪಂಜಿನಂತೆ ನೀರು ಕುಡಿಯುವ ಓಪನ್ ಸೆಲ್ ಫೋಮ್ ಬೇಡ. ಡಿಕ್ಕಿಯ ಕೆಳಗೆ ತೇವ ಹಿಡಿದಿಟ್ಟು ವಾಸನೆಯನ್ನೂ ತುಕ್ಕನ್ನೂ ತರುವುದು ಅದೇ.

ದಪ್ಪ ಎಷ್ಟಿರಬೇಕು?

'18 ಮಿಮೀ ಹಾಕಿಬಿಡಿ, ಗಟ್ಟಿ ಇರಲಿ' ಎಂಬ ಸಲಹೆ ಬೇಕಾದಷ್ಟು ಸಿಗುತ್ತದೆ. ಲೆಕ್ಕ ಹಾಕಿ ನೋಡಿದರೆ ಅದು ತೂಕ ಹೊರುವ ಸಲಹೆ ಅಷ್ಟೇ. 600 ಮಿಮೀ ಅಗಲದ 12 ಮಿಮೀ ಬರ್ಚ್ ಪ್ಲೈ ತುಂಡನ್ನು 900 ಮಿಮೀ ದೂರದ ಎರಡು ಆಧಾರಗಳ ಮೇಲಿಟ್ಟು ನಡುವೆ 60 ಕೆಜಿ ಹೇರಿದರೆ ಸುಮಾರು 12 ಮಿಮೀ ಬಾಗುತ್ತದೆ. 18 ಮಿಮೀ ಪ್ಲೈ ಆದರೆ ಬಾಗು 4 ಮಿಮೀ ಆಸುಪಾಸಿಗೆ ಇಳಿಯುತ್ತದೆ, ತೂಕ ಮಾತ್ರ ಒಂದೂವರೆ ಪಟ್ಟು. ಅದರ ಬದಲು 12 ಮಿಮೀ ಹಲಗೆಗೇ ನಟ್ಟನಡುವೆ ಒಂದು ಅಡ್ಡ ಆಧಾರ ಕೊಟ್ಟರೆ ಬಾಗು ಒಂದೂವರೆ ಮಿಮೀಗೆ ಬರುತ್ತದೆ. ಆಧಾರಗಳ ನಡುವಿನ ದೂರ ಅರ್ಧವಾದರೆ ಬಾಗು ಎಂಟನೇ ಒಂದು ಪಾಲಾಗುತ್ತದೆ ಎಂಬುದೇ ಇದರ ಗುಟ್ಟು.

ತೂಕಕ್ಕೆ ಇಲ್ಲಿ ಬೆಲೆಯಿದೆ. ಬ್ಯಾಟರಿ ಹೊತ್ತ ಹೈಬ್ರಿಡ್‌ಗೆ ಅದೇ ಹೆಸರಿನ ಪೆಟ್ರೋಲ್ ಗಾಡಿಗಿಂತ ಹೊರೆಯ ಮಿತಿ ಹಲವು ಬಾರಿ ಕಡಿಮೆ ಇರುತ್ತದೆ. 12 ಮಿಮೀ ಬರ್ಚ್ ಚದರ ಮೀಟರಿಗೆ ಸುಮಾರು 8 ಕೆಜಿ, 18 ಮಿಮೀ ಸುಮಾರು 12 ಕೆಜಿ. ಬಾಗಿಲ ಕಂಬದ ಚೀಟಿಯಲ್ಲಿರುವ ಹೊರೆಯ ಮಿತಿಯಿಂದ ಹಲಗೆ, ಪಟ್ಟಿ, ಬ್ರಾಕೆಟ್ ಎಲ್ಲದರ ತೂಕವನ್ನೂ ಕಳೆಯಬೇಕು. ಎಳೆದು ಹೊರತರುವ ಸ್ಲೈಡಿಂಗ್ ಟ್ರೇ ಹಾಕುವವರು ಇನ್ನೂ ಜಾಗ್ರತೆ. ಉಕ್ಕಿನ ಸ್ಲೈಡ್‌ಗಳ ತೂಕವೇ ಹಲಗೆಯನ್ನು ಮೀರಿಸುವುದುಂಟು. ಟ್ರೇ ಹೊರಗೆ ಬಂದಾಗ ಹೊರೆಯೆಲ್ಲ ಹಿಂದಿನ ಅಂಚಿಗೆ ಬಿದ್ದು ಮುಂದಿನ ಬೋಲ್ಟುಗಳನ್ನು ಮೇಲಕ್ಕೆ ಎಳೆಯುತ್ತದೆ.

ಆಧಾರ ಎಲ್ಲಿ ಕೂರುತ್ತದೆ ಎಂಬುದೂ ಅಷ್ಟೇ ಮುಖ್ಯ. ಕಾರ್ಖಾನೆಯ ಹಲಗೆಯ ಕೆಳಗಿನ ಬಿಳಿ ಅಥವಾ ಕಪ್ಪು ಥರ್ಮಾಕೋಲ್ ಟ್ರೇ ಹರಡಿದ ಭಾರವನ್ನು ಹೊರುತ್ತದೆ, ಒಂದೇ ಬಿಂದುವಿನ ಭಾರವನ್ನು ಹೊರುವುದಿಲ್ಲ. 40 ಮಿಮೀ ಅಗಲದ ಪಟ್ಟಿಯನ್ನು ಸೀದಾ ಅದರ ಮೇಲೆ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಕಚ್ಚು ಬಿದ್ದು ಹಲಗೆ ಆಡತೊಡಗುತ್ತದೆ. ಪಟ್ಟಿ ತಗಡಿನ ಉಬ್ಬುಗೆರೆಯ ಮೇಲೆ ಕೂರಲಿ. ಅದು ಸಾಧ್ಯವಿಲ್ಲದಿದ್ದರೆ ಪಟ್ಟಿಯ ಕೆಳಗೆ 100 ಮಿಮೀ ಅಗಲದ ಪ್ಲೈ ಪಾದ ಕೊಟ್ಟು ಭಾರ ಹರಡಿ. ಬ್ಯಾಟರಿ ಡಿಕ್ಕಿಯ ಕೆಳಗಿದ್ದರೆ ಅದರ ಮುಚ್ಚಳದ ಮೇಲೆ ಏನನ್ನೂ ನಿಲ್ಲಿಸಬೇಡಿ. ಮುಚ್ಚಳ ಎಷ್ಟೇ ಗಟ್ಟಿ ಕಂಡರೂ ಸೇತುವೆಯಂತೆ ದಾಟಿಸಿಬಿಡಿ.

ಅಳತೆ

ಟೇಪಿನಿಂದ ಅಳೆದು ನೇರ ಪ್ಲೈಗೆ ಗೆರೆ ಎಳೆದವರ ಹಲಗೆ ಹೊಂದುವುದಿಲ್ಲ. ಡಿಕ್ಕಿಯ ಗೋಡೆ ನೇರವೂ ಇಲ್ಲ, ಎಡ ಬಲ ಒಂದೇ ಥರವೂ ಇಲ್ಲ. 12 ವೋಲ್ಟ್ ಬ್ಯಾಟರಿ ಇರುವ ಬದಿ ಸಾಮಾನ್ಯವಾಗಿ ಹೆಚ್ಚು ಉಬ್ಬಿರುತ್ತದೆ. ರಟ್ಟಿನ ಅಚ್ಚು ಮಾಡಿ.

ಗೋಡೆಯಿಂದ ಬೆರಳಗಲ ದೂರದಲ್ಲಿ ನಿಲ್ಲುವಂತೆ ಒಂದು ಒರಟು ರಟ್ಟು ಹಾಸಿ, ಕದಲದಂತೆ ಟೇಪ್ ಹಾಕಿ. ಆಮೇಲೆ ಸಣ್ಣ ಸಣ್ಣ ರಟ್ಟಿನ ಚೂರುಗಳನ್ನು ಗೋಡೆಗೆ ತಾಗಿಸಿ, ಒಂದರ ಪಕ್ಕ ಒಂದರಂತೆ ಒರಟು ರಟ್ಟಿಗೆ ಅಂಟಿಸುತ್ತ ಸುತ್ತು ಬನ್ನಿ. ನೆನಪಿಡಿ, ಅಳೆಯಬೇಕಾದದ್ದು ಹೊಸ ನೆಲದ ಎತ್ತರದಲ್ಲಿ, ಹಳೆಯದರ ಎತ್ತರದಲ್ಲಲ್ಲ. ಚಕ್ರದ ಉಬ್ಬು ಮೇಲೆ ಹೋದಂತೆ ಒಳಕ್ಕೆ ಬಾಗುವ ಗಾಡಿಗಳಲ್ಲಿ 40 ಮಿಮೀ ಎತ್ತರಿಸಿದರೂ ಅಗಲ ಗಮನಕ್ಕೆ ಬರುವಷ್ಟು ಬದಲಾಗುತ್ತದೆ. ಆದ್ದರಿಂದ ರಟ್ಟನ್ನು ಆ ಎತ್ತರದ ಪಟ್ಟಿಗಳ ಮೇಲಿಟ್ಟು ಕೆಲಸ ಮಾಡಿ.

ಅಚ್ಚು ಹೊರಬಂದ ಮೇಲೆ ಸುತ್ತಲೂ 4 ಮಿಮೀ ಒಳಕ್ಕೆ ಗೆರೆ ಎಳೆಯಿರಿ. ಅದಕ್ಕಿಂತ ಕಡಿಮೆ ಬಿಟ್ಟರೆ ಮರ ಪ್ಲಾಸ್ಟಿಕ್‌ಗೆ ಉಜ್ಜಿ ಕಿರುಗುಟ್ಟುತ್ತದೆ, ತುಂಬ ಬಿಟ್ಟರೆ ಪೆನ್ನು, ನಾಣ್ಯ, ನಾಯಿಯ ಉಗುರು ಸಿಕ್ಕಿಕೊಳ್ಳುತ್ತವೆ. ಇನ್ನು ಮೂರು ಕಡೆ ವಿಶೇಷ ಅಂತರ ಬೇಕು:

ಸೀಟಿನ ಬೆನ್ನಿನ ಕಡೆ 25 ಮಿಮೀ ಬಿಡಿ. ಬೆನ್ನನ್ನು ಪೂರ್ತಿ ಹಿಂದಕ್ಕೆ ವಾಲಿಸಿದಾಗಲೂ ಹಲಗೆಗೆ ತಾಗಬಾರದು. ತಾಗಿದರೆ ಸೀಟಿನ ಚಿಲಕ ಪೂರ್ತಿ ಕೂರದೆ, ಕೂತಿದೆ ಎಂದು ಕಾಣುತ್ತದೆ. ಸೀಟು ಮಡಚಿದಾಗ ಆ ಸಂದು ಬೇಡವೆನಿಸಿದರೆ ಹಲಗೆಯ ತುದಿಗೆ ಉದ್ದಕ್ಕೂ ಬರುವ ಪಿಯಾನೋ ಹಿಂಜಿನಲ್ಲಿ ಒಂದು ಮಡಚುಪಟ್ಟಿ ಕೊಡಿ.

ಹಿಂಬಾಗಿಲ ಕಡೆ ಬಾಗಿಲಿನ ಒಳಮುಖದ ಪ್ಲಾಸ್ಟಿಕ್ ಎಷ್ಟು ಒಳಕ್ಕೆ ಬರುತ್ತದೆ ಎಂದು ಕಣ್ಣಳತೆಗೆ ತಿಳಿಯುವುದಿಲ್ಲ. ರಟ್ಟಿನ ಅಂಚಿನಲ್ಲಿ ನಾಲ್ಕು ಕಡೆ ಮೆತ್ತನೆಯ ಜೇಡಿಮಣ್ಣಿನ ಉಂಡೆ ಇಟ್ಟು ಬಾಗಿಲನ್ನು ಕೈಯಿಂದ ಮೆಲ್ಲಗೆ ಒತ್ತಿ ಮುಚ್ಚಿ ತೆರೆಯಿರಿ. ಉಂಡೆ ಚಪ್ಪಟೆಯಾಗಿದ್ದರೆ ಅಲ್ಲಿ ಹಲಗೆ ತಗ್ಗಬೇಕು ಇಲ್ಲವೇ ಹಿಂದೆ ಸರಿಯಬೇಕು. ವಿದ್ಯುತ್ ಬಾಗಿಲಿನಲ್ಲಿ ಇದನ್ನು ಕಡೆಗಣಿಸಿದರೆ ಪ್ರತಿ ಸಲವೂ ಏನೋ ಸಿಕ್ಕಿದೆ ಎಂದು ಬಾಗಿಲು ತಾನೇ ವಾಪಸು ಏಳುತ್ತದೆ, ನೀವು ಸೆನ್ಸರ್ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ಮೂರನೆಯದು ಗಾಳಿಯ ಜಾಲರಿ.

ಗಾಳಿಯ ದಾರಿ

ಗಾಳಿಯಿಂದ ತಣಿಯುವ ಬ್ಯಾಟರಿಗಳು ನೀವು ಕೂರುವ ಕ್ಯಾಬಿನ್ನಿನ ಗಾಳಿಯನ್ನೇ ಫ್ಯಾನಿನಿಂದ ಎಳೆದುಕೊಳ್ಳುತ್ತವೆ. ಬಳಸಿದ ಬಿಸಿಗಾಳಿ ಡಿಕ್ಕಿಯ ಪಕ್ಕದ ಗೋಡೆಯ ಹಿಂದೆ ಹಾದು ಬಂಪರ್‌ನ ಒಳಬದಿಯಲ್ಲಿರುವ ರಬ್ಬರ್ ಪರದೆಯ ಕಿಂಡಿಗಳಿಂದ ಹೊರಹೋಗುತ್ತದೆ. ಬಾಗಿಲು ಹಾಕುವಾಗ ಕ್ಯಾಬಿನ್ನಿನ ಗಾಳಿ ಹೊರಡುವುದೂ ಇದೇ ಕಿಂಡಿಗಳಿಂದ. ಹಾಗಾಗಿ ಎಳೆಯುವ ಬಾಯಿಯನ್ನಷ್ಟೇ ಅಲ್ಲ, ಹೊರಹೋಗುವ ದಾರಿಯನ್ನೂ ಕಾಪಾಡಬೇಕು.

ಜಾಲರಿಯ ಉದ್ದ ಅಗಲ ಅಳೆದು ವಿಸ್ತೀರ್ಣ ತೆಗೆಯಿರಿ. ಹಲಗೆಯಲ್ಲೋ ಆಧಾರದ ಚೌಕಟ್ಟಿನಲ್ಲೋ ಅದರ ಎದುರಿಗೆ ಬಿಡುವ ಕಿಂಡಿಗಳ ಒಟ್ಟು ವಿಸ್ತೀರ್ಣ ಅದರ ಒಂದೂವರೆ ಪಟ್ಟಾದರೂ ಇರಲಿ. ಜಾಲರಿ 200×60 ಮಿಮೀ ಇದ್ದರೆ 12,000 ಚದರ ಮಿಮೀ. ಎದುರಿಗೆ 18,000 ಬೇಕು. 30 ಮಿಮೀ ಅಗಲ, 150 ಮಿಮೀ ಉದ್ದದ ನಾಲ್ಕು ಕಿಂಡಿಗಳಿಗೆ ಸರಿಹೋಯಿತು. ಒಂದೇ ದೊಡ್ಡ ಕಿಂಡಿಗಿಂತ ಬೇರೆ ಬೇರೆ ಮುಖದಲ್ಲಿರುವ ಹಲವು ಕಿಂಡಿ ಲೇಸು. ಒಂದು ಚೀಲ ಅಡ್ಡ ಬಿದ್ದರೆ ಎಲ್ಲವೂ ಮುಚ್ಚುವುದಿಲ್ಲ. ಮೇಲೆ ಹಾಸುವ ಮ್ಯಾಟಿನಲ್ಲೂ ಅದೇ ಕಿಂಡಿ ಕತ್ತರಿಸಲು ಮರೆಯಬೇಡಿ. ಹಲಗೆಯಲ್ಲಿ ಕಿಂಡಿ ಬಿಟ್ಟು ಮೇಲೆ ಇಡಿಯಾದ ರಬ್ಬರ್ ಮ್ಯಾಟ್ ಹಾಸಿದ ಡಿಕ್ಕಿಗಳು ಅಪರೂಪವೇನಲ್ಲ.

ಗಾಳಿ ಸಿಗದಿದ್ದರೆ ಮೊದಲು ಕೇಳಿಸುವುದು ಹಿಂದಿನಿಂದ ಫ್ಯಾನಿನ ಜೋರು ಸದ್ದು. ಆಮೇಲೆ ಬ್ಯಾಟರಿ ಬಿಸಿಯಾಗಿ ಗಾಡಿ ಅದರ ಬಳಕೆಯನ್ನು ತಾನೇ ತಗ್ಗಿಸುತ್ತದೆ, ಇಂಜಿನ್ ಹೆಚ್ಚು ಓಡುತ್ತದೆ, ಮೈಲೇಜು ಬೀಳುತ್ತದೆ. ಎಚ್ಚರಿಕೆಯ ದೀಪ ಬರುವುದು ಕೊನೆಗೆ. ಹೊರಹೋಗುವ ಕಿಂಡಿ ಮುಚ್ಚಿದ್ದರೆ ಲಕ್ಷಣ ಬೇರೆ: ನಾಲ್ಕು ಗಾಜೂ ಏರಿಸಿದಾಗ ಕೊನೆಯ ಬಾಗಿಲು ಮೊದಲಿಗಿಂತ ಬಲವಾಗಿ ಎಳೆಯಬೇಕಾಗುತ್ತದೆ, ಮಳೆಯಲ್ಲಿ ಗಾಜಿನ ಮಂಜು ಬೇಗ ಹೋಗುವುದಿಲ್ಲ.

ಡಿಕ್ಕಿಯ ಒಳಗೆ ಮರ ಕೊಯ್ಯುವುದು, ಉಜ್ಜುವುದು ಬೇಡ ಎನ್ನುವುದೂ ಇದಕ್ಕೇ. ಸಣ್ಣ ಪುಡಿ ಜಾಲರಿಯ ಹಿಂದಿನ ಫಿಲ್ಟರಿನಲ್ಲಿ ಕೂರುತ್ತದೆ. ಒಂದು ಮಿಮೀ ಉಜ್ಜಬೇಕಿದ್ದರೂ ಹಲಗೆ ಹೊರಗೆ ತನ್ನಿ.

ಕೊಯ್ತ, ಬಣ್ಣ

ಡಿಕ್ಕಿಯ ಒಳಗಲ ಬಾಗಿಲ ಬಾಯಿಗಿಂತ ದೊಡ್ಡದಿರುವುದೇ ಹೆಚ್ಚು. ಒಂದೇ ಹಲಗೆ ಕೊಯ್ದರೆ ಒಳಗೆ ಹೋಗುವುದಿಲ್ಲ. ಎರಡು ಅಥವಾ ಮೂರು ತುಂಡು ಮಾಡಿ: ಮುಂದಿನದು ಬಿಗಿದದ್ದು, ಹಿಂದಿನದು ಎತ್ತುವ ಮುಚ್ಚಳ. ಮುಚ್ಚಳ ಎತ್ತಿದರೆ ಸ್ಟೆಪ್ನಿ ಅಥವಾ ಪಂಕ್ಚರ್ ಕಿಟ್, ಜಾಕು, ಗಾಡಿ ಎಳೆಯುವ ಕೊಕ್ಕೆ ಸೀದಾ ಸಿಗಬೇಕು. ತುಂಡುಗಳ ಸೇರಿಕೆ ಅಡ್ಡ ಆಧಾರದ ಮೇಲೆಯೇ ಬರಬೇಕು, ಗಾಳಿಯಲ್ಲಿ ತೂಗಬಾರದು.

ಮೇಲ್ಪದರದ ಎಳೆ ಒಂದು ಆಧಾರದಿಂದ ಇನ್ನೊಂದಕ್ಕೆ ಹೋಗುವ ದಿಕ್ಕಿನಲ್ಲಿರಲಿ, ಅಡ್ಡವಾದರೆ ಹೆಚ್ಚು ಬಾಗುತ್ತದೆ. ಜಿಗ್‌ಸಾ ಬ್ಲೇಡು ಮೇಲ್ಮುಖವಾಗಿ ಕತ್ತರಿಸುವುದರಿಂದ ಚೆಂದದ ಮುಖ ಕೆಳಗಿಟ್ಟು, ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ ಕೊಯ್ಯಿರಿ. ಹೀಗೆ ತಿರುಗಿಸಿಟ್ಟಾಗ ಅಚ್ಚನ್ನೂ ತಿರುಗಿಸಿದ್ದೀರಾ ನೋಡಿಕೊಳ್ಳಿ, ಇಲ್ಲದಿದ್ದರೆ ಎಡಬದಿಯ ಉಬ್ಬು ಬಲಕ್ಕೆ ಬಂದು ಹಾಳೆ ವ್ಯರ್ಥ. ಮೂಲೆಗಳನ್ನು 10 ಮಿಮೀ ತ್ರಿಜ್ಯಕ್ಕೆ ದುಂಡಗೆ ಮಾಡಿ. ಎತ್ತಲು 30 ಮಿಮೀ ಬೆರಳುರಂಧ್ರ ಸಾಕು.

ನೀರು ಒಳಹೋಗುವುದು ಮುಖದಿಂದಲ್ಲ, ಕೊಯ್ದ ಅಂಚಿನಿಂದ. ಅಂಚಿಗೂ ರಂಧ್ರದ ಒಳಬದಿಗೂ ಮೂರು ಕೈ ವಾರ್ನಿಷ್, ಮುಖಗಳಿಗೆ ಎರಡು ಕೈ. ಕೆಳಮುಖ ಕಾಣುವುದಿಲ್ಲವೆಂದು ಬಿಟ್ಟರೆ ಒಂದು ಬದಿ ತೇವ ಹೀರಿ ಹಲಗೆ ತಿರುಚಿಕೊಳ್ಳುತ್ತದೆ. ಕೈಗಳ ನಡುವೆ 220ರಲ್ಲಿ ಹಗುರಾಗಿ ಉಜ್ಜಿ. ಒಣಗಿದ ಮೇಲೂ ವಾಸನೆ ಪೂರ್ತಿ ಹೋಗುವವರೆಗೆ ಹೊರಗೆ ಗಾಳಿಗಿಡಿ. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಆ ವಾಸನೆ ತಲೆ ಹಿಡಿಯುತ್ತದೆ. ಕಾರ್ಪೆಟ್ ಅಂಟಿಸುವವರು ಬಿಸಿ ತಾಳುವ ಅಂಟನ್ನೇ ಕೇಳಿ ತನ್ನಿ, ಮಾಮೂಲಿ ಅಂಟು ಬೇಸಿಗೆಯಲ್ಲಿ ಮೆತ್ತಗಾಗಿ ಕಾರ್ಪೆಟ್ ಜಾರುತ್ತದೆ.

ಬಿಗಿಯುವುದು

ಬಿಗಿಯದೆ ಸುಮ್ಮನೆ ಇಟ್ಟ ಹಲಗೆ ದಿನನಿತ್ಯದ ಓಡಾಟದಲ್ಲಿ ಏನೂ ಮಾಡುವುದಿಲ್ಲ. ಆದರೆ 50 ಕಿಮೀ ವೇಗದಲ್ಲಿ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಗಾಡಿ ನಿಂತರೆ, 10 ಕೆಜಿಯ ಹಲಗೆ ಸುಮಾರು 140 ಕೆಜಿ ಭಾರದ ಬಲದಿಂದ ಎದುರಿಗಿರುವ ಹಿಂಬದಿ ಸೀಟಿನ ಬೆನ್ನಿಗೆ ನುಗ್ಗುತ್ತದೆ. ಅಂಚಿನ ಕಡೆಯಿಂದ ನುಗ್ಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಸಾಮಾನು ಕಟ್ಟುವ ನಾಲ್ಕು ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ. ಹಲವು ಕಿಟ್‌ಗಳು ಕೊಂಡಿಯನ್ನು ಮರದ ಮೇಲಿಟ್ಟು ಉದ್ದ ಬೋಲ್ಟಿನಿಂದ ಬಿಗಿಯಲು ಹೇಳುತ್ತವೆ. ನೋಡಲು ಚೊಕ್ಕ, ಆದರೆ ಸರಿಯಲ್ಲ. ಬೋಲ್ಟಿನ ಒತ್ತಡಕ್ಕೆ ಮರ ನಿಧಾನವಾಗಿ ಕುಗ್ಗುತ್ತದೆ, ಬಿಗಿ ಸಡಿಲಾಗುತ್ತದೆ, ಕೊಂಡಿಗೆ ಕಟ್ಟಿದ ಸಾಮಾನಿನ ಎಳೆತವೆಲ್ಲ ಉದ್ದ ಬೋಲ್ಟನ್ನು ಬಾಗಿಸುತ್ತದೆ. ಒಂದೋ ಮರದ ರಂಧ್ರದಲ್ಲಿ ಹಲಗೆಯಷ್ಟೇ ದಪ್ಪದ ಉಕ್ಕಿನ ಬುಷ್ (ಕೊಳವೆಯಂಥ ತುಂಡು) ಕೂರಿಸಿ, ಒತ್ತಡ ಲೋಹದಿಂದ ಲೋಹಕ್ಕೆ ಹೋಗಲಿ. ಇಲ್ಲವೇ, ಇದೇ ಮೇಲು: ಕೊಂಡಿ ತನ್ನ ಹಳೆಯ ಜಾಗದಲ್ಲೇ ಇರಲಿ, ಅದರ ಕೆಳಗೆ 3 ಮಿಮೀ ಎಲ್ ಬ್ರಾಕೆಟ್ ಸೇರಿಸಿ, ಹಲಗೆಯನ್ನು ಆ ಬ್ರಾಕೆಟಿಗೆ ಎಂ6 ಸ್ಕ್ರೂ ಮತ್ತು ಟಿ-ನಟ್ಟಿನಿಂದ ಹಿಡಿಸಿ, ಕೊಂಡಿ ಮೇಲೆ ಬರಲು ಹಲಗೆಯಲ್ಲಿ ಕಿಂಡಿ ಬಿಡಿ.

ಬೋಲ್ಟಿನ ಉದ್ದ ಲೆಕ್ಕ ಹಾಕಿಯೇ ತನ್ನಿ. ಹಳೆಯದು ಎಂ8×25 (8 ಮಿಮೀ ವ್ಯಾಸ, 25 ಮಿಮೀ ಉದ್ದ) ಆಗಿದ್ದು ನೀವು 3 ಮಿಮೀ ಬ್ರಾಕೆಟ್ ಸೇರಿಸಿದರೆ 28 ಬೇಕು, ಸಿಗುವುದು 30. ಹೆಚ್ಚಿನ 2 ಮಿಮೀ ಕೆಳಗೆ ಏನಕ್ಕೂ ತಾಗುವುದಿಲ್ಲವೆಂದು ನೋಡಿ, ಅನುಮಾನವಿದ್ದರೆ 2 ಮಿಮೀ ವಾಷರ್ ಹಾಕಿ. ಹಳೆಯ ಬೋಲ್ಟನ್ನೇ ಬಳಸಿದರೆ ಹಿಡಿತದ ಮರೆ (ಬೋಲ್ಟಿನ ಸುರುಳಿಗೆರೆ, ಥ್ರೆಡ್) 3 ಮಿಮೀ ಕಡಿಮೆಯಾಗುತ್ತದೆ. ಹಿಡಿತ ಕನಿಷ್ಠ ಬೋಲ್ಟಿನ ವ್ಯಾಸದಷ್ಟು, ಅಂದರೆ ಎಂ8ಗೆ 8 ಮಿಮೀ, ಇರಲೇಬೇಕು. ಮರೆಯ ಅಂತರ ಸಾಮಾನ್ಯವಾಗಿ ಎಂ8ಗೆ 1.25, ಎಂ6ಗೆ 1.0, ಆದರೂ ಹಳೆಯ ಬೋಲ್ಟಿನೊಂದಿಗೆ ಮರೆಗೆ ಮರೆ ಕೂರಿಸಿ ಹೋಲಿಸಿ. ಮೊದಲ ಮೂರು ನಾಲ್ಕು ಸುತ್ತು ಬೆರಳಿನಲ್ಲೇ ತಿರುಗಬೇಕು. ಬೆರಳಿಗೆ ತಿರುಗದ್ದನ್ನು ಸ್ಪ್ಯಾನರಿನಿಂದ ತಿರುಗಿಸಿದರೆ ಒಳಗೆ ತಗಡಿಗೆ ಬೆಸೆದಿರುವ ವೆಲ್ಡ್ ನಟ್ಟು ಹಾಳಾಗುತ್ತದೆ, ಅದನ್ನು ಬದಲಿಸುವುದು ಸಣ್ಣ ಕೆಲಸವಲ್ಲ.

ನಾಲ್ಕನ್ನೂ ಸಡಿಲವಾಗಿ ಹಚ್ಚಿ, ಹಲಗೆ ಕೂರಿಸಿ, ಸುತ್ತಲ ಸಂದು ಸಮ ಮಾಡಿ, ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಬಿಗಿಯಿರಿ. ಟಾರ್ಕ್ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಹೇಳಿದಷ್ಟು. ಅದು ಸಿಗದಿದ್ದರೆ ಎಂ6ಗೆ 8ರಿಂದ 10, ಎಂ8ಗೆ 20ರಿಂದ 25 ನ್ಯೂಟನ್ ಮೀಟರ್. ಮರ ಹಿಡಿಯುವ ಸ್ಕ್ರೂಗಳಿಗೆ ಇಷ್ಟು ಬೇಡ, ತಲೆ ಮುಖಕ್ಕೆ ಸಮನಾದರೆ ನಿಲ್ಲಿಸಿ.

12 ವೋಲ್ಟ್ ಬ್ಯಾಟರಿ ಒಳಗಿರುವ ಗಾಡಿಗಳಲ್ಲಿ ಅದರ ಪಕ್ಕದಿಂದ ಒಂದು ತೆಳು ಕೊಳವೆ ಹೊರಗೆ ಹೋಗಿರುತ್ತದೆ. ಚಾರ್ಜ್ ಆಗುವಾಗ ಹುಟ್ಟಬಹುದಾದ ಹೈಡ್ರೋಜನ್ ಹೊರಬಿಡಲು ಅದು. ಬ್ರಾಕೆಟ್ಟಿಗೋ ಪಟ್ಟಿಗೋ ಅದು ಸಿಕ್ಕಿ ಜಜ್ಜಿಲ್ಲವೆಂದು ಬೆರಳಿನಿಂದ ತಡವಿ ನೋಡಿ.

ಮೊದಲ ಓಟ

ಬಟ್ಟೆ, ಟೇಪ್ ತೆಗೆದು, ಚಿಲಕದ ಕೊಕ್ಕೆ ಬಿಡಿಸಿ, ತಂದಿದ್ದ ನಟ್ಟು ಬೋಲ್ಟು ಎಣಿಸಿ. ಸೀಟು ಮಡಚಿ, ಎತ್ತಿ, ಚಿಲಕ ಕೂತದ್ದನ್ನು ಬೆನ್ನು ಹಿಡಿದು ಅಲುಗಾಡಿಸಿ ನೋಡಿ. ಬಾಗಿಲನ್ನು ಕೈಯಿಂದಲೂ ಗುಂಡಿಯಿಂದಲೂ ಮುಚ್ಚಿ.

ಇಂಜಿನ್ ನಿಂತು ಬ್ಯಾಟರಿಯಲ್ಲಿ ಹೋಗುವಾಗ ಹೈಬ್ರಿಡ್ ಎಷ್ಟು ನಿಶ್ಶಬ್ದವೆಂದರೆ ಬೇರೆ ಗಾಡಿಯಲ್ಲಿ ಗೊತ್ತೇ ಆಗದ ಸದ್ದೂ ಇಲ್ಲಿ ಕಿವಿಗೆ ಬಡಿಯುತ್ತದೆ. ಸದ್ದಿನ ಬಗೆಯಿಂದಲೇ ಕಾರಣ ಹಿಡಿಯಬಹುದು. ಕಿರ್ ಎಂಬುದು ಮರ ಪ್ಲಾಸ್ಟಿಕ್‌ಗೆ ಉಜ್ಜುವುದು, ಅಂಚಿಗೆ ಫೆಲ್ಟ್ ಟೇಪ್ ಹಚ್ಚಿ. ಟಕ್ ಟಕ್ ಎಂದರೆ ಮುಚ್ಚಳ ಆಧಾರದ ಮೇಲೆ ಕುಣಿಯುತ್ತಿದೆ, ಕೆಳಗೆ ಫೋಮ್ ಟೇಪ್ ಬೇಕು ಇಲ್ಲವೇ ಜಾಕು ತನ್ನ ಗೂಡಿನಲ್ಲಿ ಸರಿಯಾಗಿ ಕೂತಿಲ್ಲ. ಯಾವುದೋ ಒಂದು ವೇಗದಲ್ಲಿ ಮಾತ್ರ ಗುಂಯ್ ಎಂದು ಕಿವಿ ತುಂಬಿದರೆ ಇಡೀ ಹಲಗೆ ತಮಟೆಯ ಚರ್ಮದಂತೆ ಅದುರುತ್ತಿದೆ. ಕೆಳಮುಖದ ನಡುಭಾಗಕ್ಕೆ ಅಂಗೈ ಅಗಲದ ಫೋಮ್ ತುಂಡುಗಳನ್ನು ಅಂಟಿಸಿ, ಅವು ಕೆಳಗಿನ ಟ್ರೇಗೆ ಹಗುರಾಗಿ ಒತ್ತಿಕೊಳ್ಳುವಷ್ಟು ದಪ್ಪವಿರಲಿ.

ಸುಮಾರು 500 ಕಿಮೀ ಓಡಿದ ಮೇಲೆ ಟಾರ್ಕ್ ರೆಂಚು ಹಿಡಿದು ನಾಲ್ಕೂ ಬೋಲ್ಟು ಮತ್ತೆ ನೋಡಿ. ಒಂದೇ ಬೋಲ್ಟು ಸಡಿಲಾಗಿದ್ದರೆ ಆ ಮೂಲೆಯ ಆಧಾರ ಗಿಡ್ಡವಾಗಿದೆ ಎಂದರ್ಥ, ಬರೀ ಬಿಗಿದು ಬಿಡಬೇಡಿ, ಕೆಳಗೆ ತೆಳು ವಾಷರ್ ಕೊಡಿ. ಆಮೇಲೆ ಟೈರ್ ಅದಲುಬದಲು ಮಾಡಿಸುವಾಗಲೆಲ್ಲ ಮುಚ್ಚಳ ಎತ್ತಿ ಸ್ಟೆಪ್ನಿ ಗುಂಡಿಯ ತಳವನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಒದ್ದೆಯಾದರೆ ನೀರು ಹಲಗೆಯಿಂದ ಬಂದದ್ದಲ್ಲ, ಹೆಚ್ಚಾಗಿ ಹಿಂದೀಪದ ಅಥವಾ ಬಾಗಿಲಿನ ರಬ್ಬರ್ ಸೋರುತ್ತಿದೆ. ಬ್ಯಾಟರಿ ಹಿಂದಿರುವ ಗಾಡಿಯಲ್ಲಿ ಆ ಸೋರಿಕೆಯನ್ನು ಮುಂದಿನ ಸರ್ವಿಸಿಗೆಂದು ಕಾಯಬಾರದು.